ಲೆಕ್ಕಕ್ಕೆ ಸಿಗದ ಎಸೆತಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಪಂದ್ಯ ಆರಂಭಿಸುವ ಪಿಚರ್, ಅಂದರೆ ಚೆಂಡೆಸೆಯುವವನು, ಒಮ್ಮೆ ಎಸೆದರೆ ಮುಂದಿನ ಕೆಲವು ದಿನ ಅವನಿಗೆ ಬಿಡುವು. ಅವನು ದಣಿದ ಮೇಲೆ ಇಳಿಯುವ ರಿಲೀವರ್‌ಗೆ ಆ ಭಾಗ್ಯವಿಲ್ಲ. ಇವತ್ತು ಎಸೆದವನೇ ನಾಳೆಯೂ ಸಿದ್ಧನಿರಬೇಕು. ಹಾಗಾಗಿ ಒಂದೇ ಋತುವಿನಲ್ಲಿ ಅತಿ ಹೆಚ್ಚು ಪಂದ್ಯ ಆಡಿದ ಪಿಚರ್‌ಗಳ ಪಟ್ಟಿಯಲ್ಲಿ ಇರುವವರೆಲ್ಲ ರಿಲೀವರ್‌ಗಳೇ. ಅದರ ತುದಿಯಲ್ಲಿರುವವರು ಮೈಕ್ ಮಾರ್ಷಲ್. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಪರವಾಗಿ 106 ಪಂದ್ಯ ಆಡಿದರು. ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೊದಲ ಬಾರಿಗೆ ಒಬ್ಬ ರಿಲೀವರ್‌ಗೆ ಬಂದದ್ದು ಆ ವರ್ಷ. ನ್ಯೂಯಾರ್ಕ್ ಮೆಟ್ಸ್‌ನ ಪೆಡ್ರೊ ಫೆಲಿಸಿಯಾನೊ 2010ರಲ್ಲಿ 92 ಪಂದ್ಯ ಆಡಿದರು. ಆದರೆ ಮಾರ್ಷಲ್ ಎಸೆದದ್ದು 208 ಇನಿಂಗ್ಸ್‌ಗೂ ಹೆಚ್ಚು. ಫೆಲಿಸಿಯಾನೊ 63ಕ್ಕೂ ಕಡಿಮೆ. ಮೂವರು ಔಟಾದರೆ ಒಂದು ಇನಿಂಗ್ಸ್. ಮಾರ್ಷಲ್ ಬಂದಾಗಲೆಲ್ಲ ಸರಾಸರಿ ಆರು ಮಂದಿಯನ್ನು ಔಟ್ ಮಾಡಿದರೆ, ಫೆಲಿಸಿಯಾನೊ ಇಬ್ಬರನ್ನು.

ಹಾಗಾದರೆ ಫೆಲಿಸಿಯಾನೊ ಪಟ್ಟದ್ದು ಮೂರನೇ ಒಂದು ಪಾಲು ಶ್ರಮವೇ? ಇನಿಂಗ್ಸ್ ಲೆಕ್ಕವನ್ನೇ ನಂಬುವವರು ಹೌದೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಬ್ಬರನ್ನೇ ಎದುರಿಸುವುದಿದ್ದರೂ ತೋಳು ಪೂರ್ತಿ ಬಿಸಿಯಾಗಬೇಕು, ಮೈದಾನದ ಅಂಚಿನ ಬುಲ್‌ಪೆನ್‌ನಲ್ಲಿ ಒಂದರ ಹಿಂದೊಂದು ಚೆಂಡೆಸೆಯಬೇಕು. ಆ ಎಸೆತಗಳು ಯಾವ ಅಂಕಪಟ್ಟಿಯಲ್ಲೂ ಇಲ್ಲ. ಸ್ನಾಯುಗಳಿಗೆ ಮಾತ್ರ ಅವು ಎಸೆತಗಳೇ. 2008ರಿಂದ ಫೆಲಿಸಿಯಾನೊ ಆಡಿದ ಪಂದ್ಯಗಳು ಕ್ರಮವಾಗಿ 86, 88, 92. ಆಮೇಲೆ ಯಾಂಕೀಸ್ ತಂಡ ಅವರನ್ನು ಎರಡು ವರ್ಷಕ್ಕೆ ಸೇರಿಸಿಕೊಂಡಿತು. ಭುಜದ ಗಾಯದಿಂದಾಗಿ ಆ ತಂಡದ ಪರ ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ.

ಒಬ್ಬನ ಭುಜ ನೋಡಿ ತೀರ್ಪು ಕೊಡಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. 1979ರಲ್ಲಿ 94 ಪಂದ್ಯ ಆಡಿದ ಕೆಂಟ್ ಟೆಕುಲ್ವಿ ವೃತ್ತಿಜೀವನದಲ್ಲಿ ಸಾವಿರ ಪಂದ್ಯ ದಾಟಿದರು. ಆದರೆ ಅವರು ಕೈಯನ್ನು ಭುಜದ ಮೇಲಿಂದ ತರದೆ, ಸೊಂಟದ ಕೆಳಗಿನಿಂದ ಬೀಸುತ್ತಿದ್ದವರು. ಮಾರ್ಷಲ್ ದೇಹದ ಚಲನೆಯ ಶಾಸ್ತ್ರವನ್ನೇ ಓದಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಇಂಥವರನ್ನು ಮುಂದಿಟ್ಟುಕೊಂಡು ಎಲ್ಲ ತೋಳುಗಳೂ ತಾಳುತ್ತವೆ ಎನ್ನಲಾಗದು. ಯಾವ ತೋಳು ಎಷ್ಟು ತಾಳುತ್ತದೆಂದು ತಿಳಿಯಬೇಕಾದರೆ ಅದು ಎಷ್ಟು ಸಲ ಬಿಸಿಯಾಯಿತು ಎಂಬುದನ್ನೂ ಪಂದ್ಯ, ಇನಿಂಗ್ಸ್‌ಗಳ ಪಕ್ಕದಲ್ಲೇ ಬರೆದಿಡಬೇಕು. 2020ರಿಂದ ಒಬ್ಬ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಇನಿಂಗ್ಸ್ ಮುಗಿಸಬೇಕು ಎಂಬ ನಿಯಮ ಬಂದಿದೆ. ಒಬ್ಬನಿಗಾಗಿ ಬಂದು ಹೋಗುವುದು ಇದರಿಂದ ಕಡಿಮೆಯಾಯಿತು. ಬುಲ್‌ಪೆನ್‌ನ ಫೋನ್ ರಿಂಗಾದಾಗ ಎದ್ದು, ಬೆವರುವಷ್ಟು ಎಸೆದು, ಅಷ್ಟರಲ್ಲಿ ಆ ಕಡೆ ಮೂರನೆಯವನು ಔಟಾದನೆಂದು ಜಾಕೆಟ್ ಹಾಕಿಕೊಂಡು ಮತ್ತೆ ಬೆಂಚಿನ ಮೇಲೆ ಕೂರುವವನ ಹೆಸರಿನ ಮುಂದೆ ಮಾತ್ರ ಆ ದಿನ ಇಂದಿಗೂ ಏನೂ ದಾಖಲಾಗುವುದಿಲ್ಲ.