ಬಿಲ್ಲಿನಲ್ಲಿ ಕಾಣದ ಶೇಕಡಾ ಎರಡು

ಟಿಳಕವಾಡಿಯ ಗೃಹೋಪಯೋಗಿ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಈಚೆಗೆ ಬಟ್ಟೆ ಒಗೆಯುವ ಯಂತ್ರವೊಂದನ್ನು ಕೊಂಡೆ. ಚೌಕಾಸಿಯ ನಂತರ ಮಾತು 18,000 ರೂಪಾಯಿಗೆ ಬಂದು ನಿಂತಿತು. ಕ್ರೆಡಿಟ್ ಕಾರ್ಡ್ ಹೊರತೆಗೆದಾಗ ಮಾಲೀಕರು, ‘ಕಾರ್ಡ್ ಆದ್ರ ಎರಡ ಪರ್ಸೆಂಟ್ ಹೆಚ್ಚಿಗಿ ಬೀಳ್ತೈತ್ರಿ ಸಾಹೇಬ್ರ’ ಎಂದರು. ಯಂತ್ರ ಆಗಲೇ ಟೆಂಪೊ ಏರಿತ್ತು. ಮರುಮಾತಾಡದೆ ಕಾರ್ಡ್ ಕೊಟ್ಟೆ. ಮನೆಗೆ ಬಂದು ನೋಡಿದರೆ ಜಿಎಸ್‌ಟಿ ಬಿಲ್ಲಿನಲ್ಲಿ 18,000, ಕಾರ್ಡಿನ ಚೀಟಿಯಲ್ಲಿ 18,360. ನಡುವಿನ 360 ರೂಪಾಯಿಗೆ ಯಾವ ಕಾಗದದಲ್ಲೂ ಹೆಸರಿಲ್ಲ.

ವರ್ತಕರನ್ನು ವಂಚಕರೆಂದು ಕರೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಾರ್ಡಿನ ಪ್ರತಿ ವ್ಯವಹಾರಕ್ಕೂ ಬ್ಯಾಂಕು ಅಂಗಡಿಯಿಂದ ಎಂಡಿಆರ್ ಎಂಬ ಶುಲ್ಕವನ್ನು ಕಡಿತ ಮಾಡಿಕೊಳ್ಳುತ್ತದೆ. ಶುಲ್ಕ ಶೇ 2 ಎಂದಿಟ್ಟುಕೊಂಡರೆ 18,000 ರೂಪಾಯಿಗೆ 360 ರೂಪಾಯಿ. ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ಸೇರಿ 424 ರೂಪಾಯಿ 80 ಪೈಸೆ. ಲಾಭಾಂಶ ತೆಳುವಾದ ವ್ಯಾಪಾರದಲ್ಲಿ ಇದು ಸಣ್ಣ ಮೊತ್ತವಲ್ಲ. ತಕರಾರು ಇರುವುದು ಶುಲ್ಕದ ಬಗ್ಗೆಯಲ್ಲ, ಅದನ್ನು ಕೊನೆಯ ಗಳಿಗೆಯವರೆಗೆ ಮರೆಮಾಚುವುದರ ಬಗ್ಗೆ.

ನಿಯಮಗಳು ಏನೆನ್ನುತ್ತವೆ? ಡೆಬಿಟ್ ಕಾರ್ಡಿಗೆ ವರ್ತಕರು ಹೆಚ್ಚುವರಿ ಶುಲ್ಕ ವಿಧಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಸ್ಪಷ್ಟಪಡಿಸಿದೆ. 2018ರ ಜನವರಿಯಿಂದ ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ಮಿತಿ ಹಾಕಿ, ಅದನ್ನು ಗ್ರಾಹಕರ ಮೇಲೆ ಹೊರಿಸದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಪಾವತಿಗೆ 2020ರ ಜನವರಿಯಲ್ಲಿ ಈ ಶುಲ್ಕವೇ ರದ್ದಾಯಿತು. ಆದರೆ ಕ್ರೆಡಿಟ್ ಕಾರ್ಡಿನ ಎಂಡಿಆರ್‌ಗೆ ಇಂಥ ಮಿತಿಯನ್ನು ರಿಸರ್ವ್ ಬ್ಯಾಂಕ್ ಹಾಕಲಿಲ್ಲ. ಈ ವ್ಯತ್ಯಾಸವನ್ನರಿಯದ ಗ್ರಾಹಕನಿಂದ ಡೆಬಿಟ್ ಕಾರ್ಡಿಗೂ ‘ಎರಡು ಪರ್ಸೆಂಟ್’ ವಸೂಲಾಗುವುದುಂಟು.

ಇನ್ನೊಂದು ಅಂಶ ಗರಿಷ್ಠ ಮಾರಾಟ ಬೆಲೆಯದು. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ, ಪೊಟ್ಟಣದ ಮೇಲೆ ಮುದ್ರಿತವಾದ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. ಎಂಆರ್‌ಪಿಯ ಮೇಲೆ ಕಾರ್ಡಿನ ಶುಲ್ಕ ಸೇರಿಸಿದರೆ ಈ ಗೆರೆಯನ್ನು ದಾಟಿದಂತೆಯೇ. ನಗದು ಕೊಟ್ಟವರಿಗೆ ರಿಯಾಯಿತಿ ನೀಡಲು ಮಾತ್ರ ಅಡ್ಡಿಯಿಲ್ಲ.

ಹಾಗಾದರೆ ವರ್ತಕರು ಈ ವೆಚ್ಚವನ್ನು ಎಲ್ಲರ ಬೆಲೆಯಲ್ಲೂ ಸೇರಿಸಿಬಿಡಲಿ ಎನ್ನಬಹುದು. ಅದರ ಪರಿಣಾಮ ಇನ್ನೂ ಅನ್ಯಾಯದ್ದು. ಖಾನಾಪುರದಿಂದ ಬಸ್ಸು ಹತ್ತಿ ಬಂದು ನಗದು ಎಣಿಸಿ ಕೊಡುವ ಕೂಲಿಕಾರ, ನನ್ನಂಥವರ ಕಾರ್ಡಿಗೆ ಸಿಗುವ ರಿವಾರ್ಡ್ ಪಾಯಿಂಟುಗಳ ಖರ್ಚಿನಲ್ಲಿ ಪಾಲು ಕೊಡಬೇಕಾಗುತ್ತದೆ. ಯುರೋಪ್ ಒಕ್ಕೂಟ ಈ ಗಂಟನ್ನು ಮೂಲದಲ್ಲೇ ಬಿಡಿಸಿತು. ಕಾರ್ಡ್ ವ್ಯವಹಾರದಲ್ಲಿ ಬ್ಯಾಂಕುಗಳ ನಡುವೆ ಸಲ್ಲುವ ಶುಲ್ಕವನ್ನು 2015ರಲ್ಲಿ ಡೆಬಿಟ್‌ಗೆ ಶೇ 0.2, ಕ್ರೆಡಿಟ್‌ಗೆ ಶೇ 0.3ಕ್ಕೆ ಇಳಿಸಿ, ಬಳಿಕ 2018ರಲ್ಲಿ ಅಂಥ ಕಾರ್ಡುಗಳಿಗೆ ಅಂಗಡಿಗಳು ಹೆಚ್ಚುವರಿ ವಸೂಲಿ ಮಾಡುವುದನ್ನು ನಿಷೇಧಿಸಿತು. ಮೊದಲು ಬ್ಯಾಂಕಿಗೆ ಕಡಿವಾಣ, ಆನಂತರ ಅಂಗಡಿಗೆ.

ನಮ್ಮಲ್ಲೂ ಕ್ರಮ ಇದೇ ಆಗಬೇಕು. ಕ್ರೆಡಿಟ್ ಕಾರ್ಡಿನ ಶುಲ್ಕಕ್ಕೂ ಮಿತಿ ಬರಲಿ. ಅಲ್ಲಿಯವರೆಗೆ, ಶುಲ್ಕ ಪಡೆಯುವ ಅಂಗಡಿ ಅದನ್ನು ಬಾಗಿಲಲ್ಲೇ ಫಲಕ ಹಾಕಿ ತಿಳಿಸಲಿ. ಬೆಳಗಾವಿಯಲ್ಲಾದರೆ ಆ ಫಲಕ ಕನ್ನಡದ ಜೊತೆಗೆ ಮರಾಠಿಯಲ್ಲೂ ಇರಲಿ. ಬ್ಯಾಂಕಿಗೆ ತೆತ್ತದ್ದಕ್ಕಿಂತ ಹೆಚ್ಚಿಗೆ ಕೇಳದಿರಲಿ, ಕೇಳಿದ್ದನ್ನು ಬಿಲ್ಲಿನಲ್ಲಿ ಬರೆಯಲಿ. ಆರಂಭದಲ್ಲಿ ಮರೆಮಾಚಿ ಕೊನೆಗೆ ದರ ಏರಿಸುವ ತಂತ್ರವನ್ನು ಆನ್‌ಲೈನ್ ಮಾರಾಟದಲ್ಲಿ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲೇ ನಿಷೇಧಿಸಿದೆ. ಮೊಬೈಲ್ ಪರದೆಯ ಮೇಲೆ ತಪ್ಪಾದದ್ದು ಅಂಗಡಿಯ ಗಲ್ಲೆಯ ಮುಂದೆ ಸರಿಯಾಗುವುದು ಹೇಗೆ?

ಗ್ರಾಹಕರ ಕೈಯಲ್ಲೂ ಕೆಲವು ದಾರಿಗಳಿವೆ. ಬಿಲ್ಲು, ಕಾರ್ಡಿನ ಚೀಟಿ ಎರಡನ್ನೂ ಕಾಪಾಡಿಕೊಂಡರೆ ಅವೇ ಸಾಕ್ಷಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಇವೆಲ್ಲಕ್ಕಿಂತ ಮೊದಲು ಚೌಕಾಸಿಗೆ ಮುನ್ನವೇ ಒಂದು ಪ್ರಶ್ನೆ ಕೇಳುವುದು ಒಳಿತು: ‘ಕಾರ್ಡಿಗೂ ಇದೇ ದರವೇ?’ ನಾನು ಅಂದು ಅದನ್ನು ಕೇಳಲಿಲ್ಲ.