ಬಿಗಿ ಕೈಯವರು ಏಕೆ ಮೆಚ್ಚುಗೆಯಾಗುತ್ತಾರೆ?

ಮನೆಯಲ್ಲಿ ಗದರುವ ಹಿರಿಯರೊಬ್ಬರಿದ್ದರೇ ಎಲ್ಲ ನೆಟ್ಟಗಿರುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ದೇಶದ ವಿಷಯದಲ್ಲೂ ಹಾಗೆಯೇ. ಸರ್ವಾಧಿಕಾರಿಯನ್ನು ಜನ ಬರೀ ಹೆದರಿ ಸಹಿಸುತ್ತಾರೆ ಎನ್ನುವಂತಿಲ್ಲ. ಎಷ್ಟೋ ಮಂದಿ ಮನಸಾರೆ ಮೆಚ್ಚುತ್ತಾರೆ.

ಅಮೆರಿಕದ ಪತ್ರಕರ್ತ ಮಿಲ್ಟನ್ ಮೇಯರ್ ಇದರ ಕಾರಣ ಹುಡುಕುತ್ತಾ ಮಹಾಯುದ್ಧದ ನಂತರ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಸಂಸಾರ ಸಮೇತ ನೆಲೆಸಿದರು. ನಾಜಿ ಪಕ್ಷದಲ್ಲಿದ್ದ ಹತ್ತು ಜನರ ಸ್ನೇಹ ಬೆಳೆಸಿದರು. ದರ್ಜಿ, ಬಡಗಿ, ಬೇಕರಿಯವನು, ಪೊಲೀಸಿನವನು, ಶಾಲಾ ಮೇಷ್ಟ್ರು, ಹೀಗೆ. ತಾವು ಯಹೂದಿ ಎಂಬುದನ್ನು ಮಾತ್ರ ಹೇಳಲಿಲ್ಲ! 1955ರಲ್ಲಿ ಹೊರಬಂದ ಅವರ ‘ದೇ ಥಾಟ್ ದೇ ವರ್ ಫ್ರೀ’ ಓದುವಾಗ ದಿಗಿಲಾಗುತ್ತದೆ, ಏಕೆಂದರೆ ಅದರಲ್ಲಿ ರಾಕ್ಷಸರೇ ಇಲ್ಲ. 1932ರಲ್ಲಿ ಜರ್ಮನಿಯಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳಿದ್ದರು. ಹಿಟ್ಲರ್ ಬಂದ ಮೇಲೆ ಕೆಲಸ ಸಿಕ್ಕಿತು, ಅಗ್ಗದ ದರದಲ್ಲಿ ಪ್ರವಾಸ ಸಿಕ್ಕಿತು. ಯಾರೂ ಲೆಕ್ಕಕ್ಕಿಡದಿದ್ದ ದರ್ಜಿಗೆ ಸಮವಸ್ತ್ರ ಬಂತು, ಮರ್ಯಾದೆ ಬಂತು. (ಹೊಟ್ಟೆಯ ಹಸಿವನ್ನು ಅರ್ಥಶಾಸ್ತ್ರಜ್ಞರು ಅಳೆಯುತ್ತಾರೆ; ಮರ್ಯಾದೆಯ ಹಸಿವನ್ನು ಅಳೆಯುವವರು ಯಾರು?) 1938ರ ನವೆಂಬರಿನಲ್ಲಿ ಊರಿನ ಯಹೂದಿ ಮಂದಿರ ಸುಟ್ಟುಹೋಯಿತು. ಆ ದರ್ಜಿಗೆ ಅದಕ್ಕಾಗಿ ಯುದ್ಧಾನಂತರ ಜೈಲಾಯಿತು. ಉಳಿದ ಹೆಚ್ಚಿನವರಿಗೆ ಅದು ತಮ್ಮ ಮನೆಯ ವಿಷಯವಲ್ಲ. ಅಲ್ಲ, ಎಂದೂ ಭಾಷಣ ಮಾಡದವನಿಗೆ ವಾಕ್ ಸ್ವಾತಂತ್ರ್ಯ ಹೋದದ್ದು ತಿಳಿಯುವುದಾದರೂ ಹೇಗೆ ಹೇಳಿ?

ಜರ್ಮನರ ಕಥೆ ನಮಗೇಕೆ ಎನ್ನಬೇಡಿ. ಹಿಟ್ಲರನಿಗೂ ನಮ್ಮ ತುರ್ತು ಪರಿಸ್ಥಿತಿಗೂ ಅಜಗಜಾಂತರ, ಒಪ್ಪೋಣ. ಆದರೆ ಮನಸ್ಸಿನ ಲೆಕ್ಕಾಚಾರ ಅಷ್ಟೇನೂ ಬೇರೆಯಲ್ಲ. “1975ರಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಗುಮಾಸ್ತರು ಕುರ್ಚಿಯಲ್ಲಿರುತ್ತಿದ್ದರು” ಎನ್ನುವ ಹಿರಿಯರು ನಮ್ಮ ಸಂಘದಲ್ಲೇ ಇದ್ದಾರೆ. 1977ರ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿತು. ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೇ ಕೊಟ್ಟಿತು. ಅಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ ಮನೆಬಾಗಿಲಿಗೆ ಬಂದಿತ್ತು. ನಮ್ಮ ಕಡೆ ಬಡ ಗೇಣಿದಾರರ ಬಾಗಿಲಿಗೆ ಬಂದದ್ದು ದೇವರಾಜ ಅರಸರ ಭೂಸುಧಾರಣೆ. ಅವರನ್ನು ದೂರುವುದು ಹೇಗೆ?

ಆದರೂ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ನೆನಪಾಗುತ್ತಾರೆ. ವಿಚಾರಣೆಯಿಲ್ಲದೆ ಬೆಂಗಳೂರಿನ ಜೈಲಿನಲ್ಲಿದ್ದು, ಅಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ನಂತರ ಅದೇ ಕರ್ನಾಟಕದಲ್ಲಿ ಮತದಾನ ನಡೆಯಿತು.