ಡಬಲ್ ಕ್ಲಚ್ ಹೊಡೆದ್ರೇನೇ ಗೇರು: ಬೆಂಜ್ ಲಾರಿ ಕಾಲದ ಡ್ರೈವಿಂಗ್ ಹೇಗಿತ್ತು?

ಸಕಲೇಶಪುರ: ಮಂಗಳೂರಿನ ಹೆಂಚು, ಉಪ್ಪು, ಒಣಮೀನು ಘಾಟಿ ಹತ್ತಿ ಬರ್ತಿದ್ದ, ಇಲ್ಲಿನ ಕಾಫಿ, ಏಲಕ್ಕಿ ಘಾಟಿ ಇಳಿದು ಹೋಗ್ತಿದ್ದ ಲಾರಿಗಳು ಈಗ ಗುಜರಿ ಸೇರಿವೆ. ಅವನ್ನು ಓಡಿಸಿದ ಡ್ರೈವರ್‌ಗಳಲ್ಲಿ ಕೆಲವರಷ್ಟೇ ಇನ್ನೂ ನಮ್ಮ ನಡುವೆ ಇದ್ದಾರೆ. ಆ ಡ್ರೈವಿಂಗ್ ಯಾಕೆ ಅಷ್ಟು ಕಷ್ಟ ಇತ್ತು, ಉಳಿದಿರೋ ಲಾರಿಗಳ ಕಥೆ ಏನು? ಇಲ್ಲಿದೆ ಮಾಹಿತಿ.

ಬೆಂಜ್ ಅನ್ನೋ ಹೆಸರು ಹೇಗೆ ಬಂತು?

1954ರಲ್ಲಿ ಟಾಟಾದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಶುರು ಮಾಡಿತು. ಮುಂದೆ ಉದ್ದ ಮೂತಿ, ಅದರ ಮೇಲೆ ಮೂರು ಕಡ್ಡಿಯ ನಕ್ಷತ್ರ. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಹೋಯ್ತು, ಆದ್ರೆ ಜನರ ಬಾಯಲ್ಲಿ ‘ಬೆಂಜ್ ಲಾರಿ’ಯೇ ಉಳೀತು. 1210 ಮಾಡೆಲ್‌ನ ನಂಬರಿನಲ್ಲೇ ಲೆಕ್ಕ ಇದೆ: ಲೋಡ್ ಸೇರಿ ಒಟ್ಟು ತೂಕ ಸುಮಾರು 12 ಟನ್, ಎಂಜಿನ್ ತಾಕತ್ತು ಸುಮಾರು 100 ಹೆಚ್.ಪಿ. ಇವತ್ತಿನ ದೊಡ್ಡ ಲಾರಿಗಳಲ್ಲಿ ಅದು 200 ದಾಟಿದೆ.

ಕಿವಿಯೇ ಮೀಟರ್

ಹಳೇ ಗೇರ್‌ಬಾಕ್ಸ್‌ಗಳಲ್ಲಿ ಹಲ್ಲುಗಳ ವೇಗವನ್ನು ತಾನಾಗೇ ಹೊಂದಿಸೋ ಸಿಂಕ್ರೊಮೆಶ್ ಇರಲಿಲ್ಲ. ಆ ಕೆಲಸ ಡ್ರೈವರ್‌ದೇ. ಗೇರ್ ಇಳಿಸಬೇಕಾದ್ರೆ ಮೊದಲು ಕ್ಲಚ್ ತುಳಿದು ನ್ಯೂಟ್ರಲ್‌ಗೆ ತರಬೇಕು. ಕ್ಲಚ್ ಬಿಟ್ಟು ಒಂಚೂರು ಎಕ್ಸಿಲೇಟರ್ ಕೊಡಬೇಕು. ಮತ್ತೆ ಕ್ಲಚ್ ತುಳಿದು ಗೇರ್ ಹಾಕಬೇಕು. ಇದೇ ಡಬಲ್ ಕ್ಲಚ್. ಲೆಕ್ಕ ತಪ್ಪಿದ್ರೆ ‘ಕರ್ರ್’ ಅಂತ ಸದ್ದು, ಊರಿಗೆಲ್ಲ ಕೇಳೋದು! ಎಂಜಿನ್ ಸದ್ದು ಕೇಳಿಯೇ ಯಾವಾಗ ಗೇರ್ ಬದಲಿಸಬೇಕು ಅಂತ ತೀರ್ಮಾನ ಮಾಡ್ತಿದ್ರು.

ಪವರ್ ಸ್ಟೇರಿಂಗ್ ಇರಲಿಲ್ಲ, ಅದಕ್ಕೇ ಅಷ್ಟು ದೊಡ್ಡ ಸ್ಟೇರಿಂಗ್ ಚಕ್ರ. ತಿರುವಿನಲ್ಲಿ ಭುಜದ ಬಲವೆಲ್ಲ ಹಾಕಬೇಕಿತ್ತು. ಎಂಜಿನ್ ಬಿಸಿ ಕಾಲಿಗೇ ಹೊಡೀತಿತ್ತು. ಈಗ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ.

ಘಾಟಿ ಇಳಿಯೋ ಪಾಠ

ಶಿರಾಡಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ರೆ ಡ್ರಮ್ ಕಾದು ಬ್ರೇಕ್ ಹಿಡಿಯೋದೇ ಇಲ್ಲ. ಅದಕ್ಕೇ ಹಳಬರ ನಿಯಮ: ಹತ್ತೋಕೆ ಯಾವ ಗೇರ್ ಬೇಕೋ, ಇಳಿಯೋಕೂ ಅದೇ ಗೇರ್. ಎಂಜಿನ್ನೇ ಲಾರಿಯನ್ನು ಹಿಡಿದು ನಿಲ್ಲಿಸುತ್ತೆ. ಹತ್ತುವಾಗ ಲಾರಿ ನಿಂತ್ರೆ ಕ್ಲೀನರ್ ಹುಡುಗ ಮರದ ತುಂಡು ಹಿಡ್ಕೊಂಡು ಹಾರಿ ಚಕ್ರಕ್ಕೆ ಕೊಡಬೇಕಿತ್ತು. ಡ್ರೈವಿಂಗ್ ಸ್ಕೂಲ್ ಇಲ್ಲದ ಕಾಲದಲ್ಲಿ ಆ ಕ್ಲೀನರ್‌ಗಳೇ ಮುಂದೆ ಡ್ರೈವರ್ ಆದದ್ದು. ಎಂಜಿನ್ ಹಿಡಿತದ ಆ ನಿಯಮ ಇವತ್ತಿಗೂ ಅಷ್ಟೇ ನಿಜ. ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸಿ ಡೀಸೆಲ್ ಉಳಿಸ್ತೀನಿ ಅನ್ನೋರು ಇದನ್ನು ನೆನಪಿಡಬೇಕು.

ಕಾರ್ ವಿಂಟೇಜ್, ಲಾರಿ ಗುಜರಿ

2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ ₹20,000. ಆದ್ರೆ ಇದು ಸ್ವಂತ ಬಳಕೆಯ ಬೈಕ್, ಕಾರ್‌ಗಳಿಗೆ ಮಾತ್ರ. ಅಂಬಾಸಡರ್ ಕಾರಿಗೆ ಸಿಗೋ ಮರ್ಯಾದೆ, ಅದೇ ವಯಸ್ಸಿನ, ಇಡೀ ಪೇಟೆಗೆ ಸರಕು ಹೊತ್ತ ಲಾರಿಗೆ ಇಲ್ಲ. 15 ವರ್ಷ ದಾಟಿದ ಲಾರಿಗಳ ಎಫ್‌ಸಿ ಶುಲ್ಕವೂ 2022ರಿಂದ ದುಬಾರಿ.

ನಿಮ್ಮ ಹತ್ರ ಹಳೇ ಲಾರಿ ಇದ್ಯಾ?

ಗುಜರಿಗೆ ಹಾಕೋದಾದ್ರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ, ಠೇವಣಿ ಪ್ರಮಾಣಪತ್ರ ಪಡೆಯಿರಿ, ಆರ್‌ಟಿಒದಲ್ಲಿ ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ರೆ ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಲ್ಲೇ ಇರುತ್ತೆ. ಕೊಡೋಕೆ ಮುಂಚೆ ಒಂದು ಫೋಟೋ ತೆಗೆದಿಡಿ. ಅದನ್ನು ಓಡಿಸಿದವರು ಮನೆಯಲ್ಲಿದ್ರೆ ಅವರ ಮಾತನ್ನೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಲಾರಿ ಉಳಿಸೋಕೆ ಆಗದಿದ್ರೂ ಆ ವಿದ್ಯೆ ಉಳಿಸಬಹುದು.